ಇಬ್ಬರ ದುಡ್ಡು

ದುರ್ಗಿಗುಡಿಯ ಮಹಡಿ ಮೇಲೆ ನಿಯಾಜನ ಟ್ರಾವೆಲ್ಸ್.
ಫ್ಯಾನಿನ ಗಾಳಿಗೆ ಹಾರದಂತೆ ಸ್ಟೇಪ್ಲರ್ ಹೇರಿ
ಹೊಸ ಕಂಪನಿಯ ಬ್ರೋಷರ್ ತಳ್ಳಿದ ನನ್ನ ಕಡೆ:
‘ಮೇಡಂ, ಇವರಲ್ಲಿ ಒಬ್ಬರಿಗೇ ಅಂತ ಕ್ಯಾಬಿನ್ ಇದೆ.
ಒಬ್ಬರದೇ ದುಡ್ಡು.’

ಹನ್ನೊಂದು ವರ್ಷ, ಕೊರೋನಾದ ಎರಡು ಕಳೆದು,
ಒಂದೇ ಕಂಪನಿ, ಬಿಳಿ ಹಡಗು, ನೀಲಿ ಚಿಮಣಿ,
ಕೊಚ್ಚಿಯಲ್ಲೋ ಮುಂಬಯಿಯಲ್ಲೋ ಹತ್ತುವುದು,
ಇಬ್ಬರ ದುಡ್ಡು ಕಟ್ಟಿ, ಒಬ್ಬಳೇ.
ಕೋಣೆಗೆ ಎರಡು ಹಾಸಿಗೆ, ಎರಡಕ್ಕೂ ದರ.
ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಸವೆದವಳು ನಾನು:
ಖರಾಬಿಗೆ ನಮ್ಮಲ್ಲಿ ಕಂದಾಯವಿಲ್ಲ.
ಸಮುದ್ರದಲ್ಲಿ ಇದೆ.

ಆ ಹಾಸಿಗೆ ಯಾರದು ಎಂದು ಊಟದ ಮೇಜಿನಲ್ಲಿ
ಕೇಳದೇ ಕೇಳುತ್ತಾರೆ. ಸತ್ತವರದೇ? ಬಿಟ್ಟು ಹೋದವರದೇ?
ಯಾರದೂ ಅಲ್ಲ ಮಾರಾಯ್ರೆ.
ಅದರ ಮೇಲೆ ನನ್ನ ಬ್ಯಾಗು, ಒಣಗದ ಟವೆಲು,
ತೀರ್ಥಹಳ್ಳಿಯಿಂದ ಹೊತ್ತ ಕೋಡುಬಳೆ ಡಬ್ಬಿ.
ಮೂರನೇ ರಾತ್ರಿ ನಾನೇ ಅಲ್ಲಿಗೆ ದಾಟುತ್ತೇನೆ.
ಆ ಬದಿಯಲ್ಲಿ ಎಂಜಿನ್ನಿನ ಸದ್ದೇ ಬೇರೆ,
ನೆಂಟರ ಮನೆಗೆ ಹೋದ ಹಾಗೆ.

ಮೊದಲ ಸಲ ಡೆಕ್ಕಿನ ಮೇಲೆ ನಿಂತು
ರೂಢಿಯಿಂದ ಬಾಂದುಕಲ್ಲು ಹುಡುಕಿದ್ದೆ.
ಪೂರ್ವಕ್ಕೆ ನೀರು, ಪಶ್ಚಿಮಕ್ಕೆ ನೀರು,
ಉತ್ತರಕ್ಕೆ ಸದರಿ ನೀರು, ದಕ್ಷಿಣಕ್ಕೂ ಸದರಿ.
ಅಣ್ಣತಮ್ಮ ಯಾರೂ ಕತ್ತಿ ಹಿಡಿದು ಬಂದು
‘ಇಲ್ಲಿಂದ ಎಳೀರಿ ಸರಪಳಿ’ ಎನ್ನಲಿಲ್ಲ.
ಅಷ್ಟಕ್ಕೇ ಅತ್ತುಬಿಟ್ಟೆ.
ಗಾಳಿಗೆ ಎಂದುಕೊಂಡಿರಬೇಕು ಪಕ್ಕದವರು.

ವಯಾನ್ ಎಂಬ ಹುಡುಗ ನನ್ನ ಕೋಣೆ ನೋಡಿಕೊಳ್ಳುವವ.
ವಾಗ್ದೇವಿ ಎನ್ನಲು ಬಾರದೆ ‘ಮಿಸ್ ವಾಗಿ’.
ಟವೆಲಿನಲ್ಲಿ ಆನೆ ಮಡಿಸಿ
ಎರಡನೇ ಹಾಸಿಗೆಯ ಮೇಲೆ ಕೂರಿಸುತ್ತಾನೆ,
ನನಗೆ ಬೆನ್ನು, ಕಿಟಕಿಗೆ ಸೊಂಡಿಲು.
ಸಕ್ಕರೆ ಬೇಡವೆಂದು ಅವನಿಗೆ ಮತ್ತೆ ಹೇಳಬೇಕಿಲ್ಲ.
ಕಾರ್ಡು ಈಗ ಬಂಗಾರದ ಬಣ್ಣ: ಸಾಲಿನಲ್ಲಿ ಮೊದಲು ಒಳಗೆ,
ಒಂದು ಚೀಲ ಬಟ್ಟೆ ಪುಕ್ಕಟೆ ಒಗೆತ.
ಹೊಸಬರಲ್ಲಿ ಮತ್ತೆ ಒಂದನೇ ಕ್ಲಾಸು.

ಆದರೂ ಕಳೆದ ಸಲ ಏನೋ ಮುಗಿದಿತ್ತು.
ಅದೇ ಬಂದರು, ಹತ್ತು ಗಂಟೆಗೆ ಅದೇ ಬಿಂಗೊ,
ಯಾವ ತಿರುವಿಗೆ ಯಾವ ಮೆಟ್ಟಿಲೆಂದು ಕಾಲಿಗೇ ಗೊತ್ತು.
ಸಮುದ್ರಕ್ಕೂ ಪಹಣಿಯಾದ ಹಾಗೆ, ನನ್ನ ಹೆಸರಿಗೆ.

ಮರಳುವ ಬಸ್ಸು ಸಕ್ರೆಬೈಲು ದಾಟುವಾಗ
ನಿಜವಾದ ಆನೆಗಳು ನೀರಿಗೆ ಇಳಿದಿದ್ದವು.
ಸಹಕಾರ ಸಾರಿಗೆ ನಿಂತಾಗ ಬೇರೆ ಬಸ್ಸಿಗೆ ಕೈ ತೋರಲು
ಒಂದು ತಿಂಗಳು ಬೇಕಾಗಿತ್ತು ನನಗೆ.
ಅದು ಸಲೀಸು, ತಾನಾಗಿ ನಿಂತಿತ್ತು.
ಇದು ಓಡುತ್ತಲೇ ಇದೆ. ನಾನೇ ಇಳಿಯಬೇಕು.

ಮನೆಗೆ ಬಂದು ಟೇಪು ತೆಗೆದೆ.
ಒಂಬತ್ತು ಚದರ ಮೀಟರು, ಕಿಟಕಿ ಇಲ್ಲ.
ನಡುಮನೆಯ ಕೆಂಪು ನೆಲದ ಮೇಲೆ ಬಳಪದಲ್ಲಿ ಎಳೆದೆ
ಮೂರಕ್ಕೆ ಮೂರು. ಇಲ್ಲಿ ಬಚ್ಚಲು, ಇಲ್ಲಿ ಕನ್ನಡಿ.
ಚಾಪೆ ಹಾಸಿ ಮಲಗಿ ನೋಡಿದೆ.
ಫ್ಯಾನು ಗಡಿಯಾಚೆ ಉಳಿಯಿತು.
ಕೋಡುಬಳೆ ಡಬ್ಬಿಗೆ ಜಾಗ ಸಿಕ್ಕಿತು. ಆನೆಗೆ ಇಲ್ಲ.

ಎದುರು ಮನೆಯ ಅನ್ವಿತಾ ಬಂದು ನಿಂತಳು:
‘ಕುಂಟೇಬಿಲ್ಲೆನಾ ಆಂಟಿ?’
‘ಅಲ್ಲ, ಹಡಗು.’
ಗೆರೆ ತುಳಿಯದೆ ಒಂದು ಸುತ್ತು ಬಂದಳು,
ನಾಲ್ಕೂ ಮೂಲೆ ನೋಡಿದಳು,
ತಕರಾರು ಜಮೀನಿಗೆ ಬಂದ ತಹಶೀಲ್ದಾರರ ಹಾಗೆ.
‘ಬಾಗಿಲೆಲ್ಲಿ?’

ದಾರಿ ತೋರಿಸದ ನಕಾಶೆಗೆ
ಯಾವತ್ತೂ ಸಹಿ ಹಾಕಿದವಳಲ್ಲ ನಾನು.
ಹೆಬ್ಬೆರಳು ಒದ್ದೆ ಮಾಡಿ
ಎರಡಡಿ ಗೆರೆ ಅಳಿಸಿದೆ.
ಸೋಮವಾರದೊಳಗೆ ತಿಳಿಸಿ ಎಂದಿದ್ದಾನೆ ನಿಯಾಜ.
ಅವಳು ಆಗಲೇ ಒಳಗೆ ಬಂದು
ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿದ್ದಳು.