ಅನುಬಂಧ ಹದಿನೇಳು

ಕಾಜುಬಾಗದಲ್ಲಿ, ಹೊಲಿಗೆ ಮಷಿನ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ
ನಮ್ಮ ಟ್ರಸ್ಟಿನ ಆಫೀಸು. ಎರಡು ಮೇಜು, ಒಂದು ಕಪಾಟು,
ಮಾರ್ಚ್ ಮೂವತ್ತೊಂದಕ್ಕೆ ಮುಗಿಯುವ ನನ್ನ ಸಂಬಳ.

ವಕೀಲರು ಇನಾಸ್ ಫರ್ನಾಂಡಿಸ್. ಉಳಿದದ್ದೆಲ್ಲ ನಾನು:
ಪುಟಕ್ಕೆ ನಂಬರು ಹಾಕುವವಳು, ಸ್ಟಾಂಪು ಅಂಟಿಸುವವಳು,
ಮೂರನೇ ಸೆಟ್ಟಿನಲ್ಲಿ ಇನ್ನೂರ ಹನ್ನೊಂದನೇ ಪುಟ
ತಲೆಕೆಳಗಾಗಿ ಕೂತಿದೆಯೆಂದು ನಡುರಾತ್ರಿ ನೆನಪಾಗಿ ಎದ್ದು ಕೂರುವವಳು.
"ಪರಿಸರದ ಕೆಲಸ ಅಂದ್ರೆ ಗಿಡ ನೆಡೂದನೆ?" ಕೇಳುತ್ತಾಳೆ ಚಿಕ್ಕಿ.
ಅಲ್ಲ ಚಿಕ್ಕಿ. ದಬ್ಬಳ, ದಾರ.
ಫೈಲು ಹೊಲಿಯೂದು.

ತೊಳಸು ಹರಿಕಂತ್ರ ಬಂದಳು ಅಫಿಡವಿಟ್ಟಿಗೆ.
ಹುಟ್ಟಿದ ವರ್ಷ? "ಬಂಗಡೆ ದಂಡೆಗೇ ಬಂದು ಬಿದ್ದಿತ್ತಲ್ಲ, ಆ ವರ್ಷ."
ವೃತ್ತಿಯ ಎದುರು, ಹಳೇ ನಮೂನೆಯಲ್ಲಿ, ಮೊದಲೇ ಕೂತಿತ್ತು 'ಗೃಹಿಣಿ'.
ಓದಿ ಹೇಳಿದೆ. ನಕ್ಕಳು.
"ಮನೇಲಿ ಯಾವಾಗ ಇರ್ತೆ ನಾನು?"
ಅಳಿಸಿ ಟೈಪು ಮಾಡಿದೆ: ಕಾಳಿಯ ಕೆಸರಿನಲ್ಲಿ ತಿಸ್ರೆ ಆರಿಸುವುದು.
ಎಷ್ಟು ದೂರ ಹೋಗ್ತೀರಿ, ಮೀಟರಿನಲ್ಲಿ?
"ನೀರು ಸೊಂಟ ಮುಟ್ಟೂವರೆಗೆ."
ಯಾರ ಸೊಂಟ, ಎಂದು ಕೇಳದೆ ಬಿಟ್ಟಾರೆಯೆ ಆ ಕಡೆಯವರು?
ಆಫೀಸಿನ ಸ್ಕೇಲು ಹಿಡಿದು ಅಳೆದೆ, ಹಿಮ್ಮಡಿಯಿಂದ ಮೇಲಕ್ಕೆ.
ತೊಂಬತ್ತೊಂದು ಸೆಂಟಿಮೀಟರು. ಅವಳಿಗೆ ಕಚಗುಳಿ.

ಸ್ಥಳ ತನಿಖೆಗೆ ಸಾಹೇಬರು ಬಂದದ್ದು ಹುಣ್ಣಿಮೆಯ ಮಾರನೇ ದಿನ,
ಭರತ ತುಂಬಿ ನಿಂತ ಹನ್ನೆರಡು ಗಂಟೆಗೆ.
ಜೀಪಿನ ನೆರಳಲ್ಲಿ ನಿಂತೇ ಬರೆಸಿದರು:
'ಸದರಿ ಜಾಗದಲ್ಲಿ ನೀರನ್ನು ಹೊರತುಪಡಿಸಿ
ಯಾವುದೇ ಚಟುವಟಿಕೆ ಕಂಡುಬಂದಿರುವುದಿಲ್ಲ.'

ನನ್ನ ಮೇಜಿನ ಮೇಲೆ ಎರಡು ಪಟ್ಟಿ:
ಕೋರ್ಟಿನ ತಾರೀಖಿನದು, ಬಂದರಿನ ಭರತ-ಇಳಿತದ್ದು.
ಎರಡಕ್ಕೂ ಮಾತುಕತೆ ಇಲ್ಲ.
ಬರೆದೆ: 'ಮಾನ್ಯರೇ, ಸಮುದ್ರವು ಕಚೇರಿ ವೇಳೆಯನ್ನು ಪಾಲಿಸದ ಕಾರಣ'
ಇನಾಸ್ ಅದನ್ನು ಹೊಡೆದು ಹಾಕಿದರು. ಸರಿಯೇ.
ನಾಲ್ಕನೇ ಕರಡಿನಲ್ಲಿ ಉಳಿದದ್ದು ಇಷ್ಟು:
ಅಮಾವಾಸ್ಯೆಯ ಸಂಜೆ ಐದಕ್ಕೆ, ಇಳಿತದಲ್ಲಿ, ಮರುತನಿಖೆ ಕೋರಿ.
ಟಪಾಲಿನವ ಗಡಿಯಾರ ನೋಡಿದ, ನನ್ನ ನೋಡಿದ,
ಆಮೇಲೆ ಒತ್ತಿದ, ನೇರಳೆ ಬಣ್ಣದ ಸೀಲು.
ಆ ದಿನದ ನನ್ನ ಮೀನಿನ ಊಟ ಅದರ ಮೇಲೇ.

"ಸಾಕ್ಷಿಗೆ ಇರಲಿ" ಅಂತ ತೊಳಸು ಇಟ್ಟುಹೋದಳು
ಒಂದು ಬಕೆಟ್ ತಿಸ್ರೆ, ಜೀವಂತ.
ಜೀವ ಇದ್ದದ್ದನ್ನು ಫೈಲಿಗೆ ಹೊಲಿಯಲು ಬರುವುದಿಲ್ಲ;
ಸ್ಕೇಲು ಪಕ್ಕದಲ್ಲಿಟ್ಟು ಫೋಟೊ ತೆಗೆದೆ,
ಹಿಂದೆ ಬರೆದೆ: ಅನುಬಂಧ ಹದಿನೇಳು.
ರಾತ್ರಿ ನಾನೊಬ್ಬಳೇ. ಬಕೆಟ್ಟಿನೊಳಗೆ ಟಿಕ್, ಟಿಕ್,
ಒಂದೊಂದೇ ಬಾಯಿ ಬಿಡುತ್ತ,
ಯಾವುದೋ ಒಂದು ಚಿಮ್ಮಿಸಿತು ಎರಡು ಹನಿ ಉಪ್ಪುನೀರು,
'ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ' ಎಂಬ ಸಾಲಿನ ಮೇಲೆ.
ಶಾಯಿ ಹರಡಿತು. ಬೇರೆ ಪ್ರಿಂಟು ತೆಗೆದೆ.
ಒದ್ದೆಯಾದದ್ದನ್ನು ಎಸೆಯಲಿಲ್ಲ.

ಬೆಳಗ್ಗೆ ಕಿನ್ನರದ ಬಸ್ಸು. ಹೆಂಗಸರಿಗೆ ಪುಕ್ಕಟೆ,
ಬಕೆಟ್ಟಿಗೆ ಅಲ್ಲ, ಎಂದ ಕಂಡಕ್ಟರು.
ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗಿಳಿದು ಬಗ್ಗಿಸಿದೆ.
ನಿಮಿಷದಲ್ಲಿ ಒಂದೂ ಕಾಣಲಿಲ್ಲ, ತೂತು ಮಾತ್ರ.

ವೋಚರು: ಲಗೇಜು ಚಾರ್ಜು, ಹನ್ನೆರಡು ರೂಪಾಯಿ.
ವಿವರ: ಅನುಬಂಧ ಹದಿನೇಳನ್ನು ಹಿಂತಿರುಗಿಸಿದ್ದು.

ಹುಬ್ಬಳ್ಳಿಯಿಂದ ಬಂದ ಆಡಿಟರು
ಅದರ ಮುಂದೆ ಕೆಂಪು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾರೆ:
ಯಾರಿಗೆ? ಪಡೆದವರ ಸಹಿ ಎಲ್ಲಿ?

ಅಮಾವಾಸ್ಯೆ ಈ ಸಲ ಮಂಗಳವಾರ, ಸರ್.
ಐದು ಗಂಟೆಗೆ.
ಪ್ಯಾಂಟು ಮಡಚಿಕೊಂಡು ಬನ್ನಿ.