ಹೂಂ

ಟಕೋಮಾದ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಮೈಕಿಗೆ ಸ್ಪಂಜಿನ ಟೋಪಿ ತೊಡಿಸುವ ಕೆಲಸ ನನ್ನದು.
ಗುರುವಾರ ಸಂಜೆ ಮೂವತ್ತು ಕುರ್ಚಿ ಹಾಕಿದ್ದೆ.
ಬಂದವರು ಹನ್ನೊಂದು ಜನ,
ಅವರಲ್ಲಿಬ್ಬರು ಬರೀ ಬೆಚ್ಚಗಿರಲು ಬಂದವರು.

ವೇದಿಕೆಯ ಮೇಲೆ ಇಬ್ಬರು ಮಾಜಿಗಳು.
ಹಾರ್ಲನ್ ಓಸ್ಟ್‌ಬಿ, ಎಂಬತ್ತೊಂದು,
ಒಂದು ಕಾಲಕ್ಕೆ ಮೇಜಿನ ಅಮೆರಿಕದ ಕಡೆ ಕೂತವರು;
ಕಿವಿಯ ಯಂತ್ರ ಶಿಳ್ಳೆ ಹಾಕುತ್ತಿತ್ತು, ನಾನೇ ತಿರುಗಿಸಿಕೊಟ್ಟೆ.
ಚ್ಯೂ ವೆನ್‌ಲಾನ್, ಚೀನಾದ ಕಡೆಯ ದುಭಾಷಿ,
ಈಗ ಇದೇ ಊರಿನ ದಿಣ್ಣೆಯ ಮೇಲೆ ತಂಗಿಯ ಜೊತೆ;
ಚೀಲದಲ್ಲಿ ತಮ್ಮದೇ ಬಿಸಿನೀರಿನ ಫ್ಲಾಸ್ಕು.

ಕೈಕುಲುಕಲಿಲ್ಲ.
"ಇನ್ನೂ ಅದೇ ಕೋಟೇ?" ಅಂದರು ಆಕೆ.
"ಇಲ್ಲ," ಅಂದರು ಈತ, "ಅದೇ ಗುಂಡಿ."

ಆಮೇಲೆ ಹೇಳಿದರು, ಮೂವತ್ತೆಂಟು ವರ್ಷದ ಹಿಂದಿನ ಒಂದು ರಾತ್ರಿ:
ಒಂದು ಹಡಗು, ಬೇಲಿ ಹಾರಿದ ದನದ ಹಾಗೆ
ಯಾರದೋ ನೀರಿಗೆ ನುಗ್ಗಿ ಸಿಕ್ಕಿಬಿದ್ದದ್ದು.
ಬಿಡಿಸಬೇಕು. ಆದರೆ ಬಿಟ್ಟೆವು ಅಂತ ಅವರು ಅನ್ನಬಾರದು,
ತಪ್ಪಾಯಿತು ಅಂತ ಇವರು ಅನ್ನಬಾರದು.
ಒಂದು ಕ್ರಿಯಾಪದಕ್ಕೆ ಒಂಬತ್ತು ಗಂಟೆ.
ಹೊರಗೆ ಎರಡೂ ಕಡೆಯ ಡ್ರೈವರುಗಳು
ಒಂದೇ ಕಡ್ಡಿಯಲ್ಲಿ ಸಿಗರೇಟು ಹಚ್ಚಿಕೊಂಡು
ಭಾಷೆಯಿಲ್ಲದೆ ನಗುತ್ತಿದ್ದರಂತೆ.

ಓಸ್ಟ್‌ಬಿ ಅಂದರು:
"ನಮ್ಮ ಮುಖ್ಯಸ್ಥ ಮಾತಾಡಿದಷ್ಟು ಹೊತ್ತೂ
ಇವರ ಯಜಮಾನರು ತಲೆಯಾಡಿಸುತ್ತಿದ್ದರು,
ಗಂಟಲಲ್ಲಿ ಒಂದು ಸಣ್ಣ ಸದ್ದು.
ನಾನು ಬರೆದುಕೊಂಡೆ: ಒಪ್ಪಿದರು.
ತಂತಿ ಹೋಯಿತು ರಾಜಧಾನಿಗೆ: ಒಪ್ಪಿದರು.
ಅಲ್ಲಿ ಯಾರೋ ಬಾಟಲಿಯ ಬಿರಡೆ ತೆಗೆದರು."

ಚ್ಯೂ ಅಂದರು:
"ಅದು ಒಪ್ಪಿಗೆಯಲ್ಲ. ಕೇಳುತ್ತಿದ್ದೇನೆ, ಅಷ್ಟೆ.
ನೀವು ತಪ್ಪು ಬರೆದದ್ದು ಗೊತ್ತಿತ್ತು ನನಗೆ,
ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಓದಿದೆ.
ಸದ್ದನ್ನು ಅನುವಾದಿಸಲು ನನಗೆ ಸಂಬಳವಿರಲಿಲ್ಲ."

ಹನ್ನೊಂದು ಜನ ನಕ್ಕರು. ಓಸ್ಟ್‌ಬಿ ನಗಲಿಲ್ಲ.

ಹೆಡ್‌ಫೋನಿನೊಳಗೆ ನಾನು ಬೆಚ್ಚಿದೆ.
ಆ ಸದ್ದು ನನಗೆ ಗೊತ್ತು. ನಮ್ಮಲ್ಲಿ ಅದಕ್ಕೆ ಅಕ್ಷರವೇ ಇದೆ.
ಹೂಂ ಅಂದರೆ ಆಗಲಿ. ಹೂಂ ಅಂದರೆ ಮುಂದೆ ಹೇಳು.
ಎಳೆದರೆ ನೋಡೋಣ, ಮೊಟಕಿದರೆ ಸಾಕುಮಾಡು.
ಚಿಕ್ಕಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು:
ರಾಜ ಕಾಡಿಗೆ ಹೋದ, ಹೂಂ,
ಹುಲಿ ಎದುರಾಯಿತು, ಹೂಂ.
ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು,
ಹುಲಿ ಬಾಯಿ ತೆರೆದುಕೊಂಡು ಅಲ್ಲೇ,
ಬೆಳಗಿನ ತನಕ.

ಮಾತು ಬಲ್ಲವನಿಗೆ ಜಗಳವಿಲ್ಲ,
ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ.
ಇವರು ಎರಡೂ ಬಲ್ಲವರು. ಹದಿನಾಲ್ಕು ಬಗೆಯ ಊಟ, ಏಳು ಕರಡು.
ಜಗಳವೂ ಉಳಿಯಿತು,
ಓಸ್ಟ್‌ಬಿಯವರಿಗೆ ಸಕ್ಕರೆ ಕಾಯಿಲೆಯೂ.

"ಹಡಗು ಏನಾಯಿತು?" ಯಾರೋ ಕೇಳಿದರು.
"ಮೂರು ವಾರ ತಡವಾಗಿ ಹೋಯಿತು," ಅಂದರು ಚ್ಯೂ.
"ಯಾರೂ ಬಿಡಲಿಲ್ಲ. ಹಗ್ಗ ಕಳಚಿಕೊಂಡಿತು ಅಂತ ಬರೆದೆವು.
ಕರ್ತೃವಿಲ್ಲದ ವಾಕ್ಯ. ನನ್ನ ಜೀವಮಾನದಲ್ಲಿ
ಅದಕ್ಕಿಂತ ಒಳ್ಳೆಯದನ್ನು ನಾನು ಬರೆದಿಲ್ಲ."

ಮುಂದಿನ ಸಾಲಿನವಳು, ಬಂದರಿನಲ್ಲಿ ಕ್ರೇನು ನಡೆಸುವವಳು,
ಎದ್ದು ನಿಂತೇ ಕೇಳಿದಳು:
"ಈಗ? ಈಗ ಮಾತಾಡುತ್ತಾರಾ?
ನಮ್ಮ ಪಾಳಿ ವಾರಕ್ಕೆ ಮೂರಕ್ಕಿಳಿದಿದೆ."
ಚ್ಯೂ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು,
ತಿರುಗಿಸುತ್ತಲೇ ಇದ್ದರು.
"ಫೋನಿದೆ," ಅಂದರು ಓಸ್ಟ್‌ಬಿ. "ನಾವಿದ್ದಾಗಲೇ ಹಾಕಿಸಿದ್ದು.
ಈಗಲೂ ರಿಂಗಾಗುತ್ತದೆ ಅಂತ ಕೇಳಿದ್ದೇನೆ."

ಈಗ ರಾತ್ರಿ. ಮುದ್ರಿಸಿದ್ದನ್ನು ಶುದ್ಧ ಮಾಡುತ್ತಿದ್ದೇನೆ.
ಮೇಲಿನವರ ನಿಯಮ: ಕೆಮ್ಮು, ಉಸಿರು, ಅಡ್ಡಸದ್ದು, ಎಲ್ಲ ಕತ್ತರಿಸು.
ಓಸ್ಟ್‌ಬಿ ಮಾತಾಡುವಾಗಲೆಲ್ಲ ಪಕ್ಕದ ಮೈಕಿನಲ್ಲಿ
ಚ್ಯೂ ಅವರ ಗಂಟಲು, ಸಣ್ಣಗೆ;
ಪರದೆಯ ಮೇಲೆ ರಾಗಿಕಾಳಿನಷ್ಟು ಉಬ್ಬು.
ಎಣಿಸಿದೆ: ನಲವತ್ತಾರು.

ಕೆಮ್ಮು ಕತ್ತರಿಸಿದೆ. ಕಿವಿಯಂತ್ರದ ಶಿಳ್ಳೆ ಕತ್ತರಿಸಿದೆ.
ಮೌಸಿನ ಮೇಲೆ ಕೈಯಿಟ್ಟು ಕೂತಿದ್ದೇನೆ.
ಹೊರಗೆ ಗೂಡ್ಸು ರೈಲು ಬಂದರಿನ ಕಡೆ ಹೋಗುತ್ತಿದೆ,
ಅರ್ಧ ಖಾಲಿ.