ಬೆಲೆಚೀಟಿ

ಸೋಮವಾರ ಬಾಗಿಲು ತೆರೆದರೆ ಮೆಟ್ಟಿಲ ಮೇಲೊಂದು ರಟ್ಟಿನ ಪೆಟ್ಟಿಗೆ,
ಆಕ್ರಿಂಗ್ಟನ್ನಿನ ಜಿನುಗುಮಳೆಗೆ ತಳ ಮೆತ್ತಗಾಗಿ.
ಯಾರೋ ತೀರಿಹೋದವರ ಮನೆ ಖಾಲಿ ಮಾಡಿ ಬಿಟ್ಟುಹೋದದ್ದು:
ನಾಲ್ಕು ಟೀ ಬಟ್ಟಲು, ಒಂಟಿ ಕೈಗವಸು,
ಮತ್ತೆ, ಹಳೇ ಪೇಪರಿನಲ್ಲಿ ಸುತ್ತಿದ ಮೂವರು ಯೇಸುಗಳು.

ಒಬ್ಬ ನೀಲಿಗಣ್ಣಿನವ, ಕೂದಲು ಈಗಷ್ಟೇ ಬಾಚಿದಂತೆ.
ಒಬ್ಬ ಕಂದು, ಮುಳ್ಳುತಂತಿಯ ಆಚೆ ನಿಂತವ.
ಇನ್ನೊಬ್ಬ ಮರದವ, ಹಲ್ಲು ಬಿಟ್ಟು ನಗುತ್ತಿದ್ದಾನೆ,
ಅವನ ಬೆನ್ನಿಗೆ ಕ್ಯಾಲೆಂಡರಿನ ಮೊಳೆ.

"ಬೆಲೆ ಹಚ್ಚು, ಪ್ರೇಮಲಾ" ಅಂದಳು ಗ್ಲೆನಿಸ್.
ಚರ್ಚಿನ ಈ ಹಳೆಸಾಮಾನಿನ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಚೀಟಿ ಅಂಟಿಸುವವಳು ನಾನೇ.
ಉಣ್ಣೆಯ ಕೋಟು ನಾಲ್ಕು ಪೌಂಡು,
ಚಿತ್ರ ಜೋಡಿಸುವ ಡಬ್ಬಿ ಒಂದು, ತುಣುಕು ಕಳೆದಿದ್ದರೆ ಅರ್ಧ.
ದೇವರ ಮಗನಿಗೆ ದರಪಟ್ಟಿಯಿಲ್ಲ.
ಮೂವತ್ತು ಎಂಬ ಅಂಕಿ ತಾನಾಗಿ ನಾಲಿಗೆಗೆ ಬಂತು. ನುಂಗಿದೆ.

ಹತ್ತೂವರೆಯ ಚಹಾಕ್ಕೆ ಅವನದೇ ಮಾತು.
"ಒಳ್ಳೆಯ ಮನುಷ್ಯ, ಅಷ್ಟೇ," ಗ್ಲೆನಿಸ್ ಹೇಳಿದಳು.
"ನೀರ ಮೇಲೆ ನಡೆದದ್ದು ಬಿಡು. ದಾರಿಯಲ್ಲಿ ಬಿದ್ದವನನ್ನು
ಎತ್ತು ಅಂದನಲ್ಲ, ನನಗಷ್ಟು ಸಾಕು.
ಜನಗಣತಿಯವರಿಗೆ ಕ್ರಿಶ್ಚಿಯನ್ ಅಂತಲೇ ಬರೆಸಿದ್ದೇನೆ."
ಹೆರಾಲ್ಡ್ ಬಟ್ಟಲು ಕೆಳಗಿಟ್ಟ. "ರಕ್ತ ತೆಗೆದುಬಿಟ್ಟರೆ
ಉಳಿಯುವವನು ಬರೀ ಮೇಷ್ಟರು.
ಮೇಷ್ಟರಿಗಾಗಿ ಯಾರೂ ಮೊಣಕಾಲೂರುವುದಿಲ್ಲ."
ಸೈಕಲ್ಲಿಳಿದು ಬಂದ ಕಿರಿಯ ಪಾದ್ರಿ, ಟ್ಯಾಮ್ಸಿನ್,
ಒದ್ದೆ ಹೆಲ್ಮೆಟ್ ತೆಗೆಯುತ್ತ: "ಗಡಿ ದಾಟಿ ಓಡಿದ ಕೂಸು ಅವನು.
ಇವತ್ತು ದೋಣಿಯಲ್ಲಿ ಬಂದಿದ್ದರೆ ಹೋಟೆಲಿನ ಮುಂದೆ ನಿಂತು
ವಾಪಸ್ ಹೋಗು ಅಂತ ಕೂಗುತ್ತಿದ್ದೆವು."
"ನಾನು ಕೂಗಿದ್ದೇನೆ," ಹೆರಾಲ್ಡ್ ಅಂದ, "ಹೋದ ಆಗಸ್ಟಿನಲ್ಲಿ.
ಕೈಯಲ್ಲಿ ಶಿಲುಬೆ ಇತ್ತು."

ಕೆಟಲು ತಾನೇ ಕುದಿದು ತಾನೇ ಆರಿತು.

ನನ್ನ ಗಂಡನನ್ನು ಎರಡು ವರ್ಷ, ವಾರಕ್ಕೆ ಮೂರು ಸಲ,
ಡಯಾಲಿಸಿಸ್ಸಿಗೆ ಕಾರಿನಲ್ಲಿ ಒಯ್ದವನೂ ಈ ಹೆರಾಲ್ಡೇ.
ಪೆಟ್ರೋಲಿನ ದುಡ್ಡು ಕೊಟ್ಟರೆ ಬೈಯುತ್ತಿದ್ದ.

"ನೀನು ಯಾವಾಗ ಕ್ರಿಶ್ಚಿಯನ್ ಆದೆ?" ಗ್ಲೆನಿಸ್ ಮಾತು ತಿರುಗಿಸಿದಳು.
ಬೆಟಗೇರಿಯಲ್ಲಿ ನನ್ನ ಮುತ್ತಜ್ಜನ ತಲೆಗೆ ದೀಕ್ಷೆಯ ನೀರು ಬಿದ್ದಾಗ
ಈ ಬೀದಿಗಿನ್ನೂ ಕಲ್ಲು ಹಾಸಿರಲಿಲ್ಲ.
ಅವನು ತುಂಬಿದ ಹತ್ತಿಯ ಅಂಡಿಗೆ ನಿಮ್ಮ ಗಿರಣಿಗೇ ಬಂದಿದ್ದೀತು.
ನಮ್ಮವ್ವ ರೊಟ್ಟಿ ಬಡಿಯುತ್ತ ಅವನನ್ನು ಏಕವಚನದಲ್ಲೇ ಬೈಯುತ್ತಿದ್ದಳು:
"ಎಲ್ಲಿ ಕುಂತೀಯೋ ಕರ್ತನ, ಹಿಟ್ಟು ತಳ ಕಂಡೈತಿ ನೋಡು."
ಇದನ್ನೆಲ್ಲ ಹೇಳಲಿಲ್ಲ. "ಹುಟ್ಟಿದಾಗಿನಿಂದ" ಅಂದೆ.
ಅದೂ ಪೂರ್ತಿ ನಿಜವಲ್ಲ.
ಕೆಲವು ದಿನ ನಾಲ್ಕು ಗಂಟೆಯ ತನಕ ಆಗಿರುತ್ತೇನೆ,
ಬಸ್ಸು ತಪ್ಪಿದರೆ ಅಷ್ಟೂ ಇಲ್ಲ.

ಮಧ್ಯಾಹ್ನ ಅಬಿಯೋದುನ್ ಬಂದ,
ಟ್ಯಾಕ್ಸಿಯನ್ನು ಹಳದಿ ಗೆರೆಯ ಮೇಲೆ ನಿಲ್ಲಿಸಿ.
ನೀಲಿಗಣ್ಣಿನವನನ್ನೇ ಎತ್ತಿಕೊಂಡ.
"ಅವನು ಹೀಗಿರಲಿಲ್ಲ" ಅಂದೆ, ಕಂದು ಯೇಸುವನ್ನು ಮುಂದೆ ಸರಿಸಿ.
"ಗೊತ್ತು. ಮಗಳು ದಿನಾ ಹೇಳುತ್ತಾಳೆ.
ಇಲೇಶಾದಲ್ಲಿ ನನ್ನ ತಾಯಿ ಅತ್ತದ್ದು ಈ ಕಣ್ಣುಗಳ ಮುಂದೆ.
ಈಗ ವಿಳಾಸ ಬದಲಿಸಿದರೆ
ಆ ಅಳುವೆಲ್ಲ ಯಾರಿಗೆ ಮುಟ್ಟಬೇಕು?"

ಆಮೇಲೆ ನೋಡಿದೆ, ಅವಸರದಲ್ಲಿ ಚೀಟಿ ಅಂಟಿಸಿದ್ದು ಬಾಯಿಯ ಮೇಲೆ.
ಉಗುರಿಗೆ ಬರಲಿಲ್ಲ. ಗ್ಲೆನಿಸ್ ವಿನೆಗರಿನ ಬಾಟಲಿ ಕೊಟ್ಟಳು.
ಬಟ್ಟೆ ಅದ್ದಿ ತುಟಿಯ ಮೇಲಿಟ್ಟೆ.
ಹುಳಿರಸ.
ಕೈ ನಿಂತಿತು.

ಹೊರಗೆ ಪಾರ್ಕಿಂಗಿನವನು ಟ್ಯಾಕ್ಸಿಗೆ ದಂಡದ ಚೀಟಿ ಬರೆಯುತ್ತಿದ್ದ.
ಹೆರಾಲ್ಡ್ ಕೋಟು ಮರೆತು ಮಳೆಗೆ ಓಡಿದ:
"ಏಯ್, ಅವನು ನಮ್ಮವನು, ಒಂದು ನಿಮಿಷ ತಡಿ!"
ಗಾಜಿನಾಚೆ ಅವನ ಬಾಯಿ ಆಡುತ್ತಲೇ ಇತ್ತು.
ಅಂಟಿನ್ನೂ ಬಿಟ್ಟಿರಲಿಲ್ಲ.
ನಾನು ಮೆಲ್ಲಗೆ ಒರೆಸಿದೆ.